ಗೋಡೆಗೆ ತೂಗಿದ ಮೊಲ: ಬೇಟೆಯ ಸ್ಟಿಲ್ ಲೈಫ್ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿತ್ರಕಲೆ ಹೇಳಿಕೊಡುವವಳು. ಪ್ರತಿ ವರ್ಷ ಒಂದು ದಿನ ತರಗತಿಯಲ್ಲಿ ಹಾಲೆಂಡಿನ ಹಳೆಯ ಚಿತ್ರವೊಂದನ್ನು ಪರದೆಯ ಮೇಲೆ ಹಾಕುತ್ತೇನೆ. ಕಾಡುಮೊಲವೊಂದನ್ನು ಹಿಂಗಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಿದ್ದಾರೆ. ಹೊಟ್ಟೆಯ ಬಿಳಿ ತುಪ್ಪಳ ನಮ್ಮ ಕಡೆಗಿದೆ. ಕಿವಿಗಳು ಜೋತುಬಿದ್ದಿವೆ. ಕೆಲವರು ಮುಖ ತಿರುಗಿಸುತ್ತಾರೆ. ಇನ್ನು ಕೆಲವರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಆಮೇಲೆ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ತರಗತಿಯ ಹೊರಗಿನವರೂ ಇವನ್ನೇ ಕೇಳುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಸ್ಟಿಲ್ ಲೈಫ್ ಅಂದರೆ ಹೂಜಿ, ಹಣ್ಣು, ಹಿಂದೊಂದು ಬಟ್ಟೆ ಅಲ್ವಾ? ಸತ್ತ ಪ್ರಾಣಿ ಎಲ್ಲಿಂದ ಬಂತು?

ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆಲ್ಲ ಆ ಹೂಜಿಯೇ ನೆನಪಾಗುವುದು. ಆದರೆ ಯುರೋಪಿನಲ್ಲಿ ಈ ಬಗೆಯ ಚಿತ್ರಗಳಿಗೆ ಹೆಸರು ಬಿದ್ದಾಗ ಅದರೊಳಗೆ ಎಲ್ಲವೂ ಸೇರಿತ್ತು. ಹೂವು, ಮೀನು, ಬ್ರೆಡ್ಡು, ತಲೆಬುರುಡೆ, ಬೇಟೆಯಾಡಿ ತಂದ ಹಕ್ಕಿ, ಎಲ್ಲವೂ. ಅಲುಗಾಡದೆ ಇರುವ ಯಾವುದಾದರೂ ಸರಿ. ಡಚ್ಚರು ಇದನ್ನು ‘ಸ್ಟಿಲ್‌ಲೇವನ್’ ಎಂದರು. ಅಂದರೆ ಅಲುಗಾಡದ ಜೀವ. ಫ್ರೆಂಚರು ಆಮೇಲೆ ‘ನಾತ್ಯೂರ್ ಮೋರ್ತ್’ ಎಂದರು. ಅಂದರೆ ಸತ್ತ ಪ್ರಕೃತಿ. ಒಂದೇ ಬಗೆಯ ಚಿತ್ರಕ್ಕೆ ಒಂದು ಭಾಷೆ ಜೀವ ಎನ್ನುತ್ತದೆ, ಇನ್ನೊಂದು ಸಾವು ಎನ್ನುತ್ತದೆ. ಬೇಟೆಯ ಚಿತ್ರಗಳ ಮುಂದೆ ನಿಂತಾಗ ಈ ಎರಡು ಹೆಸರೂ ನನಗೆ ನೆನಪಾಗುತ್ತವೆ.

ಇದನ್ನು ಶುರು ಮಾಡಿದವರು ಯಾರು?

ಒಬ್ಬರ ಹೆಸರು ಹೇಳುವುದು ಕಷ್ಟ. ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಹಳೆಯ ರೋಮನ್ ಊರು ಪಾಂಪೇಯಿಯ ಗೋಡೆಗಳಲ್ಲೇ ಇಂಥ ಚಿತ್ರಗಳಿದ್ದವು. ಅಲ್ಲಿ ಜೂಲಿಯಾ ಫೆಲಿಕ್ಸ್ ಎಂಬುವಳ ಮನೆಯಲ್ಲಿ ಸಿಕ್ಕ ಚಿತ್ರವೊಂದರಲ್ಲಿ ಒಂದು ಬಟ್ಟಲು ಮೊಟ್ಟೆ ಇದೆ, ಪಕ್ಕದಲ್ಲಿ ತೂಗುಹಾಕಿದ ಪುಟ್ಟ ಹಕ್ಕಿಗಳಿವೆ. ಈಗ ಅದು ನೇಪಲ್ಸಿನ ಮ್ಯೂಸಿಯಮ್ಮಿನಲ್ಲಿದೆ. ಇಂಥ ಚಿತ್ರಗಳನ್ನು ‘ಕ್ಸೆನಿಯಾ’ ಎಂದು ಕರೆಯುತ್ತಿದ್ದರು. ಅದಕ್ಕೆ ಕಾರಣವನ್ನು ರೋಮಿನ ಕಟ್ಟಡಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟಿದ್ದಾನೆ. ಗ್ರೀಕರು ಬಂದ ನೆಂಟರಿಗೆ ಮೊದಲ ದಿನ ಮನೆಯಲ್ಲೇ ಊಟ ಹಾಕುತ್ತಿದ್ದರು. ಮಾರನೆಯ ದಿನದಿಂದ ಕೋಳಿ, ಮೊಟ್ಟೆ, ತರಕಾರಿ, ಹಣ್ಣು ಕಳಿಸುತ್ತಿದ್ದರು, ನೆಂಟರೇ ಅಡುಗೆ ಮಾಡಿಕೊಳ್ಳುತ್ತಿದ್ದರು. ನೆಂಟರಿಗೆ ಕಳಿಸಿದ ಆ ಪದಾರ್ಥಗಳಿಗೆ ‘ಕ್ಸೆನಿಯಾ’ ಎಂದು ಹೆಸರು, ಅವುಗಳ ಚಿತ್ರಕ್ಕೂ ಅದೇ ಹೆಸರು ಬಂತು. ಹಾಗಾಗಿ ಗೋಡೆಯ ಮೇಲಿನ ಸತ್ತ ಹಕ್ಕಿಯ ಮೊದಲ ಅರ್ಥ ತುಂಬ ಸರಳ: ಬನ್ನಿ, ಈ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ.

ನಮಗೆ ಉಳಿದು ಬಂದ ಹೊಸ ಕಾಲದ ಚಿತ್ರಗಳಲ್ಲಿ ತುಂಬ ಹಳೆಯದೊಂದು 1504ರದ್ದು. ಬರೆದವನು ಯಾಕೊಪೊ ದೆ ಬಾರ್ಬರಿ. ಒಂದು ಕೌಜುಗದ ಹಕ್ಕಿ, ಯೋಧರು ತೊಡುವ ಕಬ್ಬಿಣದ ಕೈಗವಸುಗಳು, ಅಡ್ಡಬಿಲ್ಲಿನ ಬಾಣ. ಇಷ್ಟೇ. ಎಲ್ಲವೂ ಮರದ ಗೋಡೆಗೆ ತೂಗಿಹಾಕಿದಂತಿದೆ. ಇದು ಮ್ಯೂನಿಕ್‌ನಲ್ಲಿದೆ. ಆಮೇಲೆ 1551ರಲ್ಲಿ ಪೀಟರ್ ಆರ್ಟ್ಸೆನ್ ಮಾಂಸದಂಗಡಿಯ ಚಿತ್ರ ಬರೆದ. ಮುಂದಿನ ಶತಮಾನದಲ್ಲಿ ಆಂಟ್ವರ್ಪಿನ ಫ್ರಾನ್ಸ್ ಸ್ನೈಡರ್ಸ್ ಇಡೀ ಗೋಡೆ ತುಂಬುವಷ್ಟು ದೊಡ್ಡ ಚಿತ್ರಗಳನ್ನು ಬರೆದ. ಜಿಂಕೆ, ಕಾಡುಹಂದಿಯ ತಲೆ, ರೆಕ್ಕೆ ಬಿಚ್ಚಿದ ಹಂಸ, ಎಲ್ಲ ಒಂದೇ ಮೇಜಿನ ಮೇಲೆ. ಅಲ್ಲಿಂದ ಇದು ಒಂದು ಪ್ರತ್ಯೇಕ ಬಗೆಯೇ ಆಯಿತು.

ಸತ್ತ ಮೊಲಕ್ಕೆ ಏನರ್ಥ?

ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಇದು. ಒಂದೇ ಪದದ ಉತ್ತರ ಕೊಟ್ಟರೆ ಮೋಸ ಮಾಡಿದ ಹಾಗೆ.

ಹಳೆಯ ನಂಬಿಕೆಗಳಲ್ಲಿ ಮೊಲ ಕಾಮದ ಪ್ರಾಣಿ. ಬೇಗ ಬೇಗ ಮರಿ ಹಾಕುತ್ತದೆ ಅಲ್ವಾ, ಅದಕ್ಕೆ. ಗ್ರೀಕರ ಮಡಕೆಗಳ ಮೇಲೆ ಪ್ರೇಮಿಗೆ ಮೊಲ ಕೊಡುವ ಚಿತ್ರಗಳಿವೆ. ಇಟಲಿಯ ಪಿಯೆರೊ ದಿ ಕೊಸಿಮೊ ಬರೆದ ಪ್ರೇಮದೇವತೆ ವೀನಸ್ಸಿನ ಮೈಗೆ ಮೊಲವೊಂದು ಒತ್ತಿಕೊಂಡು ಕೂತಿದೆ. ಆದರೆ 1530ರ ಸುಮಾರಿಗೆ ಟಿಶನ್ ಬರೆದ ಚಿತ್ರದಲ್ಲಿ ಮಾತೆ ಮೇರಿಯೇ ಬಿಳಿ ಮೊಲವನ್ನು ಹಿಡಿದಿದ್ದಾಳೆ. ಅಲ್ಲಿ ಅದು ಪಾವಿತ್ರ್ಯದ ಗುರುತು. ಮೊಲ ಗಂಡಿಲ್ಲದೆ ಬಸಿರಾಗುತ್ತದೆ ಎಂಬ ನಂಬಿಕೆಯೂ ಆ ಕಾಲದಲ್ಲಿತ್ತು. ಒಂದೇ ಪ್ರಾಣಿ, ಎದುರುಬದುರು ನಿಂತ ಎರಡು ಅರ್ಥ.

ಹಾಗಾದರೆ ತಲೆಕೆಳಗಾಗಿ ತೂಗುವ ಮೊಲಕ್ಕೆ ಇದರಲ್ಲಿ ಯಾವುದನ್ನು ಹಚ್ಚಬೇಕು? ಚಿತ್ರವೇ ಹೇಳಬೇಕು. ಪಕ್ಕದಲ್ಲಿ ಪ್ರೇಮದೇವತೆಯ ಪ್ರತಿಮೆ ಇದ್ದರೆ ಒಂದು ಮಾತು. ನಿಂತುಹೋದ ಗಡಿಯಾರವಿದ್ದರೆ ಇನ್ನೊಂದು. ಬೇಟೆಚೀಲ, ಕೋವಿ, ಕಹಳೆ ಇದ್ದರೆ ಮತ್ತೊಂದು. ಏನೂ ಇಲ್ಲದೆ ಬರೀ ಗೋಡೆ ಇದ್ದರೆ, ಮೊಲವನ್ನು ಮೊಲ ಅಂತಲೇ ನೋಡಿ.

ತಲೆಕೆಳಗೆ ತೂಗುವುದಕ್ಕೆ ಎಲ್ಲಕ್ಕಿಂತ ಮೊದಲು ಒಂದು ಅಡುಗೆಮನೆಯ ಕಾರಣವಿದೆ. ಬೇಟೆಯ ಮಾಂಸವನ್ನು ತಣ್ಣಗಿನ ಜಾಗದಲ್ಲಿ ಕೆಲವು ದಿನ ತೂಗುಹಾಕುತ್ತಿದ್ದರು. ಮಾಂಸ ಮೆತ್ತಗಾಗುತ್ತದೆ, ರುಚಿ ಏರುತ್ತದೆ. ಆ ಕಾಲದ ಯಾವ ಮನೆಯೊಡತಿಗೂ ಇದು ದಿನನಿತ್ಯದ ನೋಟ. ಕೆಲವರು ಆ ಭಂಗಿಯಲ್ಲಿ ಶಿಲುಬೆಯನ್ನು ಕಾಣುತ್ತಾರೆ. ಕೆಲವು ಚಿತ್ರಗಳಿಗೆ ಅದು ಹೊಂದಬಹುದು. ಎಲ್ಲ ಕೊಕ್ಕೆಗಳಲ್ಲೂ ಶಿಲುಬೆ ಹುಡುಕುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ಮಟ್ಟಿಗೆ ಮೊಲದ ಗಟ್ಟಿ ಅರ್ಥ ಬೇರೆ ಕಡೆ ಇದೆ. ಅದು ಓಡುವ ಪ್ರಾಣಿ. ಅದರ ಬದುಕೆಲ್ಲ ಓಟ. ಅದನ್ನೇ ಆರಿಸಿಕೊಂಡು, ಅಲುಗದಂತೆ ಮಾಡಿ, ಒಂದೊಂದು ಕೂದಲನ್ನೂ ಬರೆದಿದ್ದಾರೆ. ಜೀವಂತ ಕಾಡುಮೊಲವನ್ನು ಅಷ್ಟು ಹತ್ತಿರದಿಂದ ಯಾರು ನೋಡಿರುತ್ತಾರೆ ಹೇಳಿ? ಸತ್ತ ಮೇಲೆ ಮಾತ್ರ ಅದು ನಮಗೆ ಅಷ್ಟು ಹೊತ್ತು ಸಿಗುತ್ತದೆ. ಈ ನೋವು ಚಿತ್ರದೊಳಗೇ ಇದೆ. ಅದಕ್ಕೆ ಅರ್ಥದ ಪಟ್ಟಿ ಬೇಕಿಲ್ಲ.

ಹಕ್ಕಿಗಳಿಗಾದರೂ ಗೊತ್ತಾದ ಅರ್ಥಗಳಿವೆಯೇ?

ಇವೆ, ಮೊಲಕ್ಕಿಂತ ಜಾಸ್ತಿಯೇ ಇವೆ. ಕೌಜುಗವನ್ನು ರೋಮಿನ ಪ್ಲೀನಿ ಅತಿ ಕಾಮುಕ ಹಕ್ಕಿ ಎಂದು ಬರೆದಿದ್ದ. ಬೈಬಲಿನಲ್ಲಿ ಯೆರೆಮೀಯ ಅದನ್ನು ತಾನು ಇಡದ ಮೊಟ್ಟೆಗೆ ಕಾವು ಕೊಡುವ ಹಕ್ಕಿ ಎನ್ನುತ್ತಾನೆ. ಅನ್ಯಾಯದ ದುಡ್ಡು ಕೂಡಿಟ್ಟವನಿಗೆ ಕೊಟ್ಟ ಹೋಲಿಕೆ ಅದು. ಹಂಸ ಸಾಯುವ ಮುಂಚೆ ಹಾಡುತ್ತದೆ ಎಂಬ ಮಾತು ಪ್ಲೇಟೋ ಕಾಲದಷ್ಟು ಹಳೆಯದು. ಅದರ ಗರಿ ಬಿಳಿ, ಒಳಗಿನ ಮೈ ಕಪ್ಪು ಎಂದು ಮಧ್ಯಯುಗದ ಪ್ರಾಣಿ ಪುಸ್ತಕಗಳು ಅದನ್ನು ಸೋಗಿನವರಿಗೆ ಹೋಲಿಸಿದವು. ಗೋಲ್ಡ್‌ಫಿಂಚ್ ಎಂಬ ಪುಟ್ಟ ಹಕ್ಕಿ ಮುಳ್ಳುಗಿಡಗಳ ಬೀಜ ತಿನ್ನುತ್ತದೆ, ಮುಖದಲ್ಲಿ ಕೆಂಪು ಇದೆ. ಹಾಗಾಗಿ ಕ್ರಿಸ್ತನ ಮುಳ್ಳಿನ ಕಿರೀಟದ ಕತೆಗೆ ಅದು ಸೇರಿಕೊಂಡಿತು.

ನವಿಲಿನದು ಚೆಂದದ ಕತೆ. ಅದರ ಮಾಂಸ ಕೊಳೆಯುವುದಿಲ್ಲ ಎಂಬ ಮಾತನ್ನು ಸಂತ ಅಗಸ್ಟೀನ್ ಕಾರ್ತೇಜಿನಲ್ಲಿ ಪರೀಕ್ಷೆ ಮಾಡಿಯೇ ನೋಡಿದ. ಬೇಯಿಸಿದ ನವಿಲಿನ ಎದೆಭಾಗದ ತುಂಡೊಂದನ್ನು ಎತ್ತಿಡಿಸಿದ. ತಿಂಗಳಾದರೂ ವಾಸನೆ ಬರಲಿಲ್ಲ, ವರ್ಷದ ಮೇಲೆ ಸ್ವಲ್ಪ ಒಣಗಿ ಮುದುಡಿತ್ತು ಅಷ್ಟೇ, ಎಂದು ಬರೆದಿದ್ದಾನೆ. ಹೀಗೆ ನಮ್ಮ ಕಾಡಿನ ನವಿಲು ಕ್ರೈಸ್ತರ ಕಲೆಯಲ್ಲಿ ಸಾವಿಲ್ಲದ ಬದುಕಿನ ಗುರುತಾಯಿತು. ಜೊತೆಗೆ ಜಂಬದ ಗುರುತೂ ಆಯಿತು.

ಈಗ 1639ರ ಸುಮಾರಿಗೆ ರೆಂಬ್ರಾಂಟ್ ಬರೆದ ಸತ್ತ ನವಿಲುಗಳನ್ನು ನೋಡಿ. ಒಂದು ಕಾಲಿಗೆ ಕಟ್ಟಿ ತೂಗಿದೆ. ಇನ್ನೊಂದು ಕೆಳಗೆ ಬಿದ್ದಿದೆ, ಪಕ್ಕದಲ್ಲಿ ರಕ್ತ. ಹಿಂದೆ ಕಿಟಕಿಗೆ ಒರಗಿಕೊಂಡ ಪುಟ್ಟ ಹುಡುಗಿ ಸುಮ್ನೆ ನೋಡುತ್ತಿದ್ದಾಳೆ. ಜಂಬ, ಅಮರತ್ವ ಎಂಬ ಪಾಠಗಳು ಅವಳಿಗೆ ಗೊತ್ತಿರಲಾರವು. ಅವಳು ನೋಡುತ್ತಿರುವುದು ಎರಡು ದೊಡ್ಡ ಚೆಂದದ ಹಕ್ಕಿಗಳನ್ನು. ಅವು ಸತ್ತಿವೆ. ಆ ಹುಡುಗಿಯ ನೋಟವೇ ಈ ಚಿತ್ರದ ಅತಿ ದೊಡ್ಡ ಸಂಕೇತ ಎಂದು ನನಗನಿಸುತ್ತದೆ.

ಹಕ್ಕಿ ಕೊಡುವ ಚಿತ್ರಗಳಲ್ಲಿ ಪೋಲಿ ಅರ್ಥ ಇದೆಯಂತೆ, ನಿಜವೇ?

ಕೆಲವದರಲ್ಲಿ ನಿಜ. ಡಚ್ ಭಾಷೆಯಲ್ಲಿ ‘ಫೋಗೆಲನ್’ ಎಂದರೆ ಹಕ್ಕಿ ಹಿಡಿಯುವುದು. ಬೀದಿಮಾತಿನಲ್ಲಿ ಅದೇ ಪದಕ್ಕೆ ಗಂಡುಹೆಣ್ಣು ಕೂಡುವುದು ಎಂಬ ಅರ್ಥವೂ ಇತ್ತು. ಕಲಾವಿದರು ಈ ಎರಡರ್ಥವನ್ನು ಬಳಸಿಕೊಂಡರು. ಹಾಬ್ರಿಯೆಲ್ ಮೆಟ್ಸು 1660ರ ಆಸುಪಾಸಿನಲ್ಲಿ ಬರೆದ ಒಂದು ಚಿತ್ರದಲ್ಲಿ ಬೇಟೆಗಾರನೊಬ್ಬ ಹೊಲಿಗೆ ಮಾಡುತ್ತ ಕೂತ ಹೆಂಗಸಿಗೆ ಕೌಜುಗ ಚಾಚುತ್ತಾನೆ. ಅವಳ ಹಿಂದಿನ ಬೀರುವಿನ ಮೇಲೆ ಕಾಮದೇವ ಕ್ಯುಪಿಡ್‌ನ ಪುಟ್ಟ ಪ್ರತಿಮೆ. ಅವನು ಏನು ಕೇಳುತ್ತಿದ್ದಾನೆ ಎಂಬುದು ಆ ಕಾಲದ ನೋಡುಗರಿಗೆ ತಕ್ಷಣ ಗೊತ್ತಾಗುತ್ತಿತ್ತು. ಆದರೆ ಕ್ಯುಪಿಡ್ ಇಲ್ಲದ, ಹೆಂಗಸು ಇಲ್ಲದ, ಮೊಳೆಗೆ ತೂಗಿದ ಒಂಟಿ ಕೌಜುಗಕ್ಕೂ ಇದೇ ಅರ್ಥ ಹಚ್ಚಿದರೆ ಆ ಹಕ್ಕಿಗೆ ಅನ್ಯಾಯ.

ಇಂಥ ಚಿತ್ರ ಕೊಂಡವರೆಲ್ಲ ಬೇಟೆಗಾರರೇ?

ಅಲ್ಲ. ಇಲ್ಲೇ ಇರುವುದು ಈ ಚಿತ್ರಗಳ ನಿಜವಾದ ಗುಟ್ಟು. 17ನೇ ಶತಮಾನದ ಹಾಲೆಂಡಿನಲ್ಲಿ ಮನಸ್ಸು ಬಂದವರೆಲ್ಲ ಬೇಟೆಗೆ ಹೋಗುವಂತಿರಲಿಲ್ಲ. ಯಾರು ಆಡಬಹುದು, ಯಾವ ಪ್ರಾಣಿ, ಯಾವ ಕಾಲದಲ್ಲಿ ಎಂಬುದಕ್ಕೆಲ್ಲ ಕಾನೂನಿತ್ತು. ಅದು ಮುಖ್ಯವಾಗಿ ಜಮೀನಿದ್ದ ಮೇಲ್ಮನೆತನಗಳ ಹಕ್ಕು. ಆದರೆ ದುಡ್ಡಿದ್ದದ್ದು ವ್ಯಾಪಾರಿಗಳ ಹತ್ತಿರ. ಹಡಗು, ಸಂಬಾರ ಪದಾರ್ಥ, ಬಟ್ಟೆ ವ್ಯಾಪಾರದಿಂದ ದುಡ್ಡು ಮಾಡಿದವರು ಊರಾಚೆ ನದಿ ದಂಡೆಯಲ್ಲಿ ತೋಟದ ಮನೆ ಕಟ್ಟಿಸಿದರು. ದೊಡ್ಡಮನೆತನದವರ ಹಾಗೆ ಬದುಕಬೇಕು ಎಂಬ ಆಸೆ. ಮೊಲ ಹೊಡೆಯುವ ಹಕ್ಕು ಸಿಗದಿದ್ದರೂ ಮೊಲದ ಚಿತ್ರ ಸಿಗುತ್ತಿತ್ತಲ್ಲ!

ಹೀಗೆ ನೋಡಿದಾಗ ಚಿತ್ರದ ವಸ್ತುಗಳೆಲ್ಲ ಮಾತಾಡತೊಡಗುತ್ತವೆ. ಬೇಟೆಗೆ ಪಳಗಿಸಿದ ಡೇಗೆ ಹಕ್ಕಿಯ ತಲೆಗೆ ಹಾಕುವ ಪುಟ್ಟ ಟೋಪಿ ಕಂಡರೆ ಅದು ಬಡವನ ಬೇಟೆಯಲ್ಲ. ಡೇಗೆ ಸಾಕಿ ಪಳಗಿಸುವುದು ಅರಸರ, ಸಿರಿವಂತರ ಹವ್ಯಾಸ. ಹಂಸ ಕಂಡರೆ ಇನ್ನೂ ಮೇಲಿನ ಅಂತಸ್ತು. ಯಾನ್ ವೇನಿಕ್ಸ್ ಈ ಬಗೆಯ ಚಿತ್ರಗಳ ದೊಡ್ಡ ಹೆಸರು. ಅವನು ಸತ್ತ ಹಂಸ, ಮೊಲಗಳನ್ನು ಉದ್ಯಾನದ ಕಲ್ಲಿನ ಹೂಕುಂಡದ ಬುಡದಲ್ಲಿ ಇಟ್ಟ. ಹಿಂದೆ ದೂರದಲ್ಲಿ ಅರಮನೆ, ಕೊಳ, ಸಂಜೆಯ ಬೆಳಕು. ಅದನ್ನು ಗೋಡೆಗೆ ಹಾಕಿಕೊಂಡ ವ್ಯಾಪಾರಿ ಆ ಉದ್ಯಾನವನ್ನೂ ಕೊಂಡ ಹಾಗೆ.

ರೆಂಬ್ರಾಂಟ್ ಸ್ವತಃ 1639ರಲ್ಲಿ ಕೈಯಲ್ಲಿ ಸತ್ತ ಹಕ್ಕಿ ಎತ್ತಿ ಹಿಡಿದು ನಿಂತಂತೆ ತನ್ನ ಚಿತ್ರ ಬರೆದುಕೊಂಡ. ಜೊಂಡಿನಲ್ಲಿ ಬಾಳುವ, ಬಕದ ಜಾತಿಯ ಹಕ್ಕಿ ಅದು. ಅವನು ಗಿರಣಿಯವನ ಮಗ. ಬೇಟೆಗಾರನ ವೇಷ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಬೆಳಕು ಪೂರ್ತಿ ಹಕ್ಕಿಯ ಗರಿಗಳ ಮೇಲಿದೆ, ಅವನ ಮುಖ ನೆರಳಲ್ಲಿದೆ. ತನ್ನ ಹಿರಿಮೆ ಈ ಗರಿಗಳನ್ನು ಬರೆಯುವ ಕೈಯಲ್ಲಿದೆ ಎಂದು ಅವನು ಹೇಳುತ್ತಿದ್ದಾನೆ ಎಂದೇ ನಾನು ಅದನ್ನು ಓದುತ್ತೇನೆ.

ನೊಣ, ಗಡಿಯಾರ, ಉದುರಿದ ಗರಿ ಇವೆಲ್ಲ ಯಾಕೆ?

ಇವು ಕಾಲ ಕಳೆಯುವುದರ ಗುರುತು. ನೊಣ ಕೂತರೆ ಕೊಳೆಯುವುದು ಶುರುವಾಗಿದೆ ಅಂತ. ಗಡಿಯಾರ ಇದ್ದರೆ ಹೊತ್ತು ಓಡುತ್ತಿದೆ ಅಂತ. ಬೈಬಲಿನ ಪ್ರಸಂಗಿ ಎಂಬ ಪುಸ್ತಕದ ‘ಎಲ್ಲವೂ ವ್ಯರ್ಥ’ ಎಂಬ ಮಾತು ಆ ಕಾಲದವರಿಗೆ ಬಾಯಿಪಾಠ. ಹಾಗಾಗಿ ತಲೆಬುರುಡೆ ಇಟ್ಟು ಬರೆದ ಚಿತ್ರಗಳಿಗೆ ‘ವಾನಿಟಾಸ್’, ಅಂದರೆ ಲ್ಯಾಟಿನ್ನಿನಲ್ಲಿ ವ್ಯರ್ಥ, ಎಂಬ ಹೆಸರೇ ಬಂತು. ಬೇಟೆಯ ಚಿತ್ರ ಅದರ ಹತ್ತಿರದ ನೆಂಟ. ತಲೆಬುರುಡೆ ಬೇಕಾಗಿಲ್ಲ, ಸಾವು ಅಲ್ಲೇ ಮಲಗಿದೆ.

ವಿಲ್ಲೆಮ್ ವಾನ್ ಆಲ್ಸ್ಟ್ ಇದರಲ್ಲಿ ಎತ್ತಿದ ಕೈ. ಇಟಲಿಯ ಫ್ಲಾರೆನ್ಸಿನಲ್ಲಿ ಮೆದಿಚಿ ಮನೆತನಕ್ಕೆ ಕೆಲಸ ಮಾಡಿ ಬಂದವನು. ಅವನ 1661ರ ಬೇಟೆಯ ಚಿತ್ರವೊಂದು ವಾಷಿಂಗ್ಟನ್ನಿನಲ್ಲಿದೆ. ಅಮೃತಶಿಲೆಯ ಕಟ್ಟೆಯ ಮೇಲೆ ಸತ್ತ ಹಕ್ಕಿಗಳು, ಮೊಲ. ಆ ಕಟ್ಟೆಯ ಬದಿಯಲ್ಲಿ ಕೆತ್ತಿದ್ದು ಡಯಾನಾ ಮತ್ತು ಆಕ್ಟಿಯಾನ್ ಕತೆ. ಬೇಟೆಗೆ ಹೋದ ಆಕ್ಟಿಯಾನ್ ದೇವತೆ ಡಯಾನಾ ಸ್ನಾನ ಮಾಡುವುದನ್ನು ಕಂಡುಬಿಟ್ಟ. ಅವಳ ಕೋಪಕ್ಕೆ ಅವನೇ ಜಿಂಕೆಯಾದ. ಅವನು ಸಾಕಿದ ನಾಯಿಗಳೇ ಅವನನ್ನು ಹರಿದು ತಿಂದವು. ಬೇಟೆಗಾರನೇ ಬೇಟೆಯಾದ ಕತೆ. ಮೇಲೆ ಬೇಟೆಯ ಹೆಮ್ಮೆ, ಕೆಳಗೆ ಕಲ್ಲಿನಲ್ಲಿ ಎಚ್ಚರಿಕೆ. ಇಲ್ಲಿ ಅರ್ಥವನ್ನು ನಾವು ಊಹಿಸಬೇಕಿಲ್ಲ, ಕಲಾವಿದನೇ ಕೆತ್ತಿಟ್ಟಿದ್ದಾನೆ.

ನಾಯಿ, ಬೆಕ್ಕು?

ನಾಯಿ ಬೇಟೆಯ ಜೊತೆಗಾರ, ಕಾವಲುಗಾರ. ಬೆಕ್ಕು ಕಳ್ಳ. ಕಲಾವಿದನಿಗೆ ಇನ್ನೂ ಒಂದು ಲಾಭವಿದೆ: ಪಕ್ಕದಲ್ಲಿ ಉಸಿರಾಡುವ ಪ್ರಾಣಿ ಇದ್ದಾಗ ಸತ್ತದ್ದು ಇನ್ನೂ ಸತ್ತಂತೆ ಕಾಣುತ್ತದೆ.

ದೇವರ ಅರ್ಥ ಖಂಡಿತವಾಗಿ ಇರುವ ಚಿತ್ರ ಯಾವುದಾದರೂ ಇದೆಯೇ?

ಸ್ಪೇನಿನ ಸುರ್ಬರಾನ್ ಬರೆದ ಕುರಿಮರಿ. ಮ್ಯಾಡ್ರಿಡ್ಡಿನ ಪ್ರಾಡೋ ಮ್ಯೂಸಿಯಮ್ಮಿನಲ್ಲಿದೆ, 1635 ರಿಂದ 1640ರ ನಡುವಿನದು. ನಾಲ್ಕೂ ಕಾಲು ಒಟ್ಟಿಗೆ ಕಟ್ಟಿದ ಮರಿ, ಬೂದು ಕಟ್ಟೆ, ಹಿಂದೆ ಕತ್ತಲು. ಇನ್ನೇನೂ ಇಲ್ಲ. ‘ದೇವರ ಕುರಿಮರಿ’ ಎಂದರೆ ಕ್ರಿಸ್ತ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಅವನು ಇದನ್ನೇ ಹಲವು ಸಲ ಬರೆದ. ಒಂದರಲ್ಲಿ ಮರಿಯ ತಲೆಯ ಸುತ್ತ ಪ್ರಭಾವಳಿಯೂ ಇದೆ. ಪ್ರಾಡೋದಲ್ಲಿರುವುದಕ್ಕೆ ಅದಿಲ್ಲ. ನನಗೆ ಅದೇ ಇಷ್ಟ. ಮೊದಲು ಉಣ್ಣೆ ಕಾಣುತ್ತದೆ, ಮಣ್ಣು ಮೆತ್ತಿದ ಉಣ್ಣೆ. ಆಮೇಲೆ ಹಗ್ಗ. ಆಮೇಲೆ, ಅದು ಬಿಡಿಸಿಕೊಳ್ಳಲು ನೋಡುತ್ತಿಲ್ಲ ಎಂಬುದು.

ರೆಂಬ್ರಾಂಟ್ 1655ರಲ್ಲಿ ಬರೆದ, ಚರ್ಮ ಸುಲಿದು ಮರದ ಚೌಕಟ್ಟಿಗೆ ತೂಗಿದ ಎತ್ತಿನಲ್ಲೂ ಹಲವರು ಶಿಲುಬೆಯನ್ನು ಕಂಡಿದ್ದಾರೆ. ಅದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಅಲ್ಲೂ ಹಿಂದಿನ ಬಾಗಿಲಿನಿಂದ ಒಬ್ಬ ಹೆಂಗಸು ಇಣುಕುತ್ತಾಳೆ. ನವಿಲಿನ ಚಿತ್ರದ ಹುಡುಗಿ ನೆನಪಾಗುತ್ತಾಳೆ. ಇನ್ನು ಆರ್ಟ್ಸೆನ್‌ನ ಮಾಂಸದಂಗಡಿ: ಮುಂದೆ ಎತ್ತಿನ ತಲೆ, ಹಂದಿಯ ತಲೆ, ಸಾಸೇಜುಗಳ ರಾಶಿ. ಅವುಗಳ ಸಂದಿಯಲ್ಲಿ, ದೂರದಲ್ಲಿ, ಕತ್ತೆಯ ಮೇಲೆ ಕೂತ ಮೇರಿ ಬಡವನಿಗೆ ಬ್ರೆಡ್ಡು ಕೊಡುತ್ತಿದ್ದಾಳೆ. ಮಾಂಸದ ರಾಶಿ ದಾಟಿ ಅವಳನ್ನು ಹುಡುಕಬೇಕು. ಆ ಹುಡುಕಾಟವೇ ಚಿತ್ರದ ಅರ್ಥ.

ಕಲಾವಿದ ಯೋಚಿಸಿಯೇ ಇರದ ಅರ್ಥವನ್ನು ಜನ ಹಚ್ಚಿದ್ದುಂಟೇ?

ಉಂಟು, ಅದಕ್ಕೆ ನಾನು ಪ್ರತಿ ವರ್ಷ ಹೇಳುವ ಉದಾಹರಣೆ ಒಂದಿದೆ. ಇದರಲ್ಲಿ ಹಕ್ಕಿ ಸತ್ತಿಲ್ಲ, ಆದರೂ ಹೇಳಲೇಬೇಕು.

ಯಾನ್ ಆಸೆಲೈನ್ 1650ರ ಸುಮಾರಿಗೆ ಒಂದು ಹಂಸವನ್ನು ಬರೆದ. ರೆಕ್ಕೆ ಪೂರ್ತಿ ಬಿಚ್ಚಿ, ಕತ್ತು ಚಾಚಿ, ನೀರಿನಲ್ಲಿ ಈಜಿಬರುತ್ತಿರುವ ನಾಯಿಯ ಮೇಲೆ ಅದು ಬುಸುಗುಡುತ್ತಿದೆ. ಹಿಂದೆ ಗೂಡಿನಲ್ಲಿ ಮೊಟ್ಟೆಗಳಿವೆ. ಆಮೇಲೆ ಯಾರೋ ಇದರ ಮೇಲೆ ಅಕ್ಷರ ಬರೆದರು. ಹಂಸದ ಕೆಳಗೆ ಹಾಲೆಂಡಿನ ಮುಖ್ಯ ಆಡಳಿತಗಾರನ ಹುದ್ದೆಯ ಹೆಸರು. ಒಂದು ಮೊಟ್ಟೆಯ ಮೇಲೆ ‘ಹಾಲೆಂಡ್’. ನಾಯಿಯ ಮೇಲೆ ‘ರಾಜ್ಯದ ಶತ್ರು’. ಹೀಗೆ ಆ ಹಂಸ ಆ ಹುದ್ದೆಯಲ್ಲಿದ್ದ ಯೊಹಾನ್ ದ ವಿಟ್ ಎಂಬ ನಾಯಕನಾಯಿತು. ಅವನನ್ನೂ ಅವನ ಅಣ್ಣನನ್ನೂ 1672ರಲ್ಲಿ ಹೇಗ್ ಊರಿನಲ್ಲಿ ಜನರ ಗುಂಪು ಕೊಂದುಹಾಕಿತ್ತು. ನಾಡಿಗಾಗಿ ನಿಂತ ವೀರ ಎಂಬ ಕತೆ ಈ ಚಿತ್ರಕ್ಕೆ ಗಟ್ಟಿಯಾಗಿ ಅಂಟಿಕೊಂಡಿತು. 1800ರಲ್ಲಿ ಹಾಲೆಂಡಿನ ರಾಷ್ಟ್ರೀಯ ಮ್ಯೂಸಿಯಂ, ಅಂದರೆ ಈಗಿನ ರೈಕ್ಸ್‌ಮ್ಯೂಸಿಯಂ, ಮೊಟ್ಟಮೊದಲು ಕೊಂಡ ಚಿತ್ರ ಇದೇ.

ಆದರೆ ಲೆಕ್ಕ ಹಾಕಿ. ಆಸೆಲೈನ್ ಸತ್ತದ್ದು 1652ರಲ್ಲಿ. ದ ವಿಟ್ ಆ ಹುದ್ದೆಗೆ ಬಂದದ್ದು 1653ರಲ್ಲಿ. ಕಲಾವಿದ ಬರೆದದ್ದು ಮೊಟ್ಟೆ ಕಾಯುವ ಒಂದು ತಾಯಿಹಕ್ಕಿಯ ಸಿಟ್ಟನ್ನು. ನಾಡಿಗೆ ಬೇರೆ ಅರ್ಥ ಬೇಕಾಗಿತ್ತು, ನಾಡು ಅದನ್ನು ತೆಗೆದುಕೊಂಡಿತು. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಚಿತ್ರಗಳು ಹೀಗೂ ಬದುಕುತ್ತವೆ. ಆದರೆ ಕಲಾವಿದನ ಅರ್ಥ ಯಾವುದು, ಆಮೇಲೆ ಸೇರಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು.

ಯಾವ ಸಂಕೇತವೂ ಇಲ್ಲದ ಬೇಟೆಯ ಚಿತ್ರ ಇರಬಹುದೇ?

ಇರಬಹುದು. ಫ್ರಾನ್ಸಿನ ಊದ್ರಿ 1753ರಲ್ಲಿ ಬಿಳಿ ಬಾತುಕೋಳಿಯೊಂದನ್ನು ಬರೆದ. ಬಾತು ಬಿಳಿ, ಪಕ್ಕದ ಬಟ್ಟೆ ಬಿಳಿ, ಬಟ್ಟಲು ಬಿಳಿ, ಮೇಣದಬತ್ತಿ ಬಿಳಿ, ಕಾಗದ ಬಿಳಿ, ಗೋಡೆಯೂ ಬಿಳಿಯೇ. ಅವನಿಗೆ ಬೇಕಾಗಿದ್ದದ್ದು ಒಂದು ಬಿಳಿಗೂ ಇನ್ನೊಂದು ಬಿಳಿಗೂ ಇರುವ ವ್ಯತ್ಯಾಸ. ಬಣ್ಣ ಹಿಡಿಯುವ ಯಾರಿಗೇ ಆಗಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ. 1990ರ ದಶಕದಲ್ಲಿ ಆ ಚಿತ್ರ ಇಂಗ್ಲೆಂಡಿನ ಹೌಟನ್ ಹಾಲ್ ಎಂಬ ಬಂಗಲೆಯಿಂದ ಕಳುವಾಯಿತು. ನಾವು ಈಗ ನೋಡುವುದು ಅದರ ಫೋಟೋಗಳನ್ನು ಮಾತ್ರ.

ಅದೇ ಕಾಲದ ಶಾರ್ದಾಂ ನನಗೆ ಇನ್ನೂ ಹತ್ತಿರ. ಅವನಿಗೊಂದು ಸತ್ತ ಮೊಲ ಸಿಕ್ಕಿತು. ತುಪ್ಪಳವನ್ನು ಬರೆಯಬೇಕಿತ್ತು. ಒಂದೊಂದೇ ಕೂದಲು ಎಣಿಸಿ ಬರೆದರೆ ಆಗದು ಎಂದು ಅವನಿಗೆ ಹೊಳೆಯಿತು. ಇದುವರೆಗೆ ನೋಡಿದ್ದನ್ನೆಲ್ಲ, ಬೇರೆಯವರು ಬರೆದ ರೀತಿಯನ್ನೂ ಮರೆಯಬೇಕು, ಸ್ವಲ್ಪ ದೂರ ಇಟ್ಟು ನೋಡಬೇಕು ಎಂದು ಅವನು ನಿಶ್ಚಯಿಸಿದನಂತೆ. ಇದನ್ನು ಅವನ ಗೆಳೆಯ ಕೊಶಾಂ ಬರೆದಿಟ್ಟಿದ್ದಾನೆ. ಶಾರ್ದಾಂನ ಮೊಲಗಳ ಸುತ್ತ ಅರಮನೆಯಿಲ್ಲ, ಹೂಕುಂಡವಿಲ್ಲ. ಕಲ್ಲಿನ ಕಟ್ಟೆ, ಬೇಟೆಚೀಲ, ಕೋವಿಮದ್ದಿನ ಡಬ್ಬಿ, ಕಂದು ಗೋಡೆ. ಮೊಲದ ಮೈ ಮೆತ್ತಗೆ ಕುಸಿದಿದೆ. ಹಾಲೆಂಡಿನ ಚಿತ್ರಗಳಲ್ಲಿ ಬೇಟೆಯ ಹೆಮ್ಮೆ ಕಾಣುತ್ತದೆ. ಇವನಲ್ಲಿ ಕಾಣುವುದು ಮರುಕ.

ಆ ಕಾಲದ ಫ್ರೆಂಚ್ ಪಂಡಿತರು ಸ್ಟಿಲ್ ಲೈಫನ್ನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಇಟ್ಟಿದ್ದರು. ಜೀವಂತ ಪ್ರಾಣಿ ಬರೆಯುವವನು ಸತ್ತ ವಸ್ತು ಬರೆಯುವವನಿಗಿಂತ ಮೇಲು ಎಂದು ಫೆಲಿಬಿಯನ್ 1660ರ ದಶಕದಲ್ಲೇ ಬರೆದಿದ್ದ. ಶಾರ್ದಾಂನ ಮೊಲ ನೋಡಿದ ಮೇಲೆ ಆ ಮೆಟ್ಟಿಲುಗಳ ಲೆಕ್ಕ ನನಗೆ ಅರ್ಥವಾಗುವುದೇ ಇಲ್ಲ.

ಗೋಯಾನ ಸತ್ತ ಕೋಳಿಗಳನ್ನು ಯುದ್ಧದ ಚಿತ್ರ ಅನ್ನುತ್ತಾರೆ, ಯಾಕೆ?

ಬರೆದ ಕಾಲದಿಂದಾಗಿ. 1808ರಲ್ಲಿ ನೆಪೋಲಿಯನ್ನನ ಸೇನೆ ಸ್ಪೇನಿಗೆ ನುಗ್ಗಿತು. ಮ್ಯಾಡ್ರಿಡ್ ಹಸಿವಿನಿಂದ ತತ್ತರಿಸಿತು. ಆ ವರ್ಷಗಳಲ್ಲಿ ಗೋಯಾ ಒಂದಷ್ಟು ಸ್ಟಿಲ್ ಲೈಫ್ ಬರೆದ. 1812ರಲ್ಲಿ ಅವನ ಹೆಂಡತಿ ತೀರಿಕೊಂಡಾಗ ಮಾಡಿದ ಆಸ್ತಿಪಟ್ಟಿಯಲ್ಲಿ ಹನ್ನೆರಡು ಇದ್ದವು. ಇವು ಬೇಟೆಯ ಹೆಮ್ಮೆಯ ಚಿತ್ರಗಳಲ್ಲ. ಕಾಲು ಸೆಟೆದ ಟರ್ಕಿ ಕೋಳಿ. ಒಂದರ ಮೇಲೊಂದು ಎಸೆದ ಸತ್ತ ಕೋಳಿಗಳ ರಾಶಿ. ಸುತ್ತ ಅಲಂಕಾರ ಒಂದೂ ಇಲ್ಲ. ಕುರಿಯ ತಲೆ ಮತ್ತು ಪಕ್ಕೆಲುಬಿನ ಚಿತ್ರದಲ್ಲಿ ಅವನು ತನ್ನ ರುಜುವನ್ನು ತಲೆಯ ಕೆಳಗೆ ಕೆಂಪಿನಲ್ಲಿ ಹಾಕಿದ್ದಾನೆ, ರಕ್ತ ಸೋರಿದಂತೆ. ಅದೇ ಹೊತ್ತಿನಲ್ಲಿ ಯುದ್ಧದಲ್ಲಿ ಸತ್ತವರ ಹೆಣಗಳ ಅಚ್ಚುಚಿತ್ರಗಳನ್ನೂ ಮಾಡುತ್ತಿದ್ದ. ಅವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೋಳಿಗಳ ರಾಶಿ ಬರೀ ಕೋಳಿಗಳ ರಾಶಿಯಾಗಿ ಉಳಿಯುವುದಿಲ್ಲ.

ಬರೆಯುವಾಗ ವಾಸನೆ ಬರುತ್ತಿರಲಿಲ್ವಾ?

ಬರುತ್ತಿತ್ತು. ಚಳಿಗಾಲ ಸ್ವಲ್ಪ ಸಹಾಯ ಮಾಡುತ್ತಿತ್ತು. ನಿಧಾನವಾಗಿ ಬರೆಯುವವರಿಗೆ ಪ್ರಾಣಿ ಕೈಕೊಡುತ್ತಿತ್ತು. ಈ ವಿಷಯದಲ್ಲಿ ಹೆಸರುವಾಸಿಯಾದವನು ಸುಟೀನ್. 1925ರ ಸುಮಾರಿಗೆ ಪ್ಯಾರಿಸ್ಸಿನ ತನ್ನ ಕೋಣೆಗೆ ಎತ್ತಿನ ಇಡೀ ದೇಹ ತರಿಸಿ ತೂಗುಹಾಕಿದ. ರೆಂಬ್ರಾಂಟ್‌ನ ಎತ್ತು ಅವನ ತಲೆಯಲ್ಲಿ ಕೂತಿತ್ತು. ಬಣ್ಣ ಮಂಕಾದಾಗ ಕಸಾಯಿಖಾನೆಯಿಂದ ರಕ್ತ ತರಿಸಿ ಸುರಿಯುತ್ತಿದ್ದ. ಅಕ್ಕಪಕ್ಕದವರು ದೂರು ಕೊಟ್ಟರು, ಆರೋಗ್ಯ ಇಲಾಖೆಯವರು ಬಂದರು. ಅವನು ಬರೆಯುವುದು ನಿಲ್ಲಿಸಲಿಲ್ಲ.

ನಮ್ಮ ಕಡೆಗೂ ಇದಕ್ಕೂ ಏನಾದರೂ ನಂಟಿದೆಯೇ?

ಎಣ್ಣೆಬಣ್ಣದ ಈ ಬಗೆ ನಮ್ಮದಲ್ಲ. ಆದರೆ ಬೇಟೆಯನ್ನು ನೆನಪಿನಲ್ಲಿಡುವ ಆಸೆ ಎಲ್ಲರದ್ದೂ. ಆತಕೂರಿನ ವೀರಗಲ್ಲು ಗೊತ್ತಿರಬೇಕು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕ್ರಿ.ಶ. 949–50ರ ಕಾಲದ್ದು. ಅದರಲ್ಲಿ ಕಾಳಿ ಎಂಬ ನಾಯಿ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತ ಕತೆ ಕೆತ್ತಿದೆ. ಡಚ್ಚರ ಚಿತ್ರಗಳಲ್ಲಿ ಸತ್ತ ಪ್ರಾಣಿಗೆ ಹೆಸರಿಲ್ಲ. ಇಲ್ಲಿ ನಾಯಿಗೆ ಹೆಸರಿದೆ, ಕಲ್ಲಿದೆ. ನನಗೆ ಇದು ದೊಡ್ಡ ವಿಷಯ.

ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯೂ ನೆನಪಾಗುತ್ತದೆ. 1900ರ ಸುಮಾರಿನಿಂದ 1999ರವರೆಗೆ ಅಲ್ಲಿ ಮಹಾರಾಜರ, ಸಾಹೇಬರ ಬೇಟೆಯ ಹುಲಿ, ಚಿರತೆಗಳ ಚರ್ಮ ಹದಮಾಡಿ ತುಂಬಿ ನಿಲ್ಲಿಸುತ್ತಿದ್ದರು. ವೇನಿಕ್ಸ್‌ನ ಹಂಸ ಮಾಡುತ್ತಿದ್ದ ಕೆಲಸವನ್ನೇ ಅರಮನೆಯ ಗೋಡೆಯ ಮೇಲೆ ಆ ಹುಲಿತಲೆಗಳು ಮಾಡುತ್ತಿದ್ದವು: ಯಜಮಾನನ ಅಂತಸ್ತು ಹೇಳುವುದು.

ಇನ್ನೊಂದು ಪುಟ್ಟ ನಂಟು. ಜರ್ಮನಿಯ ಡ್ಯೂರರ್ 1500ರ ಆಸುಪಾಸಿನಲ್ಲಿ ಸತ್ತ ಹಕ್ಕಿಯೊಂದರ ಒಂದೇ ರೆಕ್ಕೆಯನ್ನು ಬರೆದಿದ್ದಾನೆ. ನೀಲಿ, ಹಸಿರು, ಕಂದು ಗರಿಗಳು ಒಂದೊಂದೂ ಎಣಿಸುವ ಹಾಗಿವೆ. ಅದು ನಮ್ಮ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ನೆಂಟ, ಯುರೋಪಿನ ಜಾತಿ. ಹೊಲದ ಬದಿಯ ತಂತಿಯ ಮೇಲೆ ಕೂತ ನೀಲಕಂಠ ಹಾರಿದಾಗ ಥಟ್ಟನೆ ಬಿಚ್ಚುವ ನೀಲಿ ಇದೆಯಲ್ಲ, ಅದನ್ನು ಒಮ್ಮೆ ನೋಡಿದವರು ಡ್ಯೂರರ್ ಯಾಕೆ ಅಷ್ಟು ಹೊತ್ತು ಕೂತ ಎಂದು ಕೇಳುವುದಿಲ್ಲ.

ನಾನು ಮಾಂಸ ತಿನ್ನುವುದಿಲ್ಲ. ಈ ಚಿತ್ರ ನೋಡಿದರೆ ಹೊಟ್ಟೆ ತೊಳಸುತ್ತದೆ. ಬಲವಂತವಾಗಿ ನೋಡಬೇಕಾ?

ಬೇಡ. ಕಷ್ಟವಾದರೆ ಮುಂದಿನ ಕೋಣೆಗೆ ಹೋಗಿ. ನನ್ನ ತರಗತಿಯಲ್ಲೂ ಎದ್ದು ಹೋಗುವವರಿಗೆ ನಾನು ಏನೂ ಅನ್ನುವುದಿಲ್ಲ.

ನೋಡಬಹುದು ಅನಿಸಿದರೆ ರೈಕ್ಸ್‌ಮ್ಯೂಸಿಯಮ್ಮಿನ ವೆಬ್‌ಸೈಟಿನಿಂದ ಶುರು ಮಾಡಿ. ಅಲ್ಲಿ ಚಿತ್ರಗಳು ದೊಡ್ಡ ಅಳತೆಯಲ್ಲಿ, ದುಡ್ಡಿಲ್ಲದೆ ಸಿಗುತ್ತವೆ. ರೆಂಬ್ರಾಂಟ್‌ನ ನವಿಲುಗಳನ್ನು ತೆಗೆಯಿರಿ. ರಕ್ತದ ಕಡೆ ಹೋಗಬೇಡಿ. ಮೊದಲು ಕಿಟಕಿಯ ಕಡೆ ಹೋಗಿ, ಆ ಹುಡುಗಿಯ ಮುಖ ದೊಡ್ಡದು ಮಾಡಿ. ಅವಳು ಎಲ್ಲಿ ನೋಡುತ್ತಿದ್ದಾಳೋ ಅಲ್ಲಿಗೆ ನಿಧಾನವಾಗಿ ಇಳಿಯಿರಿ.